ನೇರಳೆ ಮಾರ್ಗದ ಪಡುವಣ ತುದಿ

ಶುಕ್ರವಾರಕ್ಕೋ ಸೋಮವಾರಕ್ಕೋ ಒಂದು ಸರ್ಕಾರಿ ರಜೆ ಬಿದ್ದರೆ ಸಾಕು, ಹೈದರಾಬಾದು, ಚೆನ್ನೈ, ಹುಬ್ಬಳ್ಳಿ, ಪುಣೆಗಳಿಂದ ಹೊಸಬರು ಬೆಂಗಳೂರಿಗೆ ಬಂದಿಳಿಯುತ್ತಾರೆ. ಅವರು ಬರೆದುಕೊಂಡು ಬರುವ ಪಟ್ಟಿ ಹೆಚ್ಚುಕಡಿಮೆ ಒಂದೇ: ಇಂದಿರಾನಗರ, ಕೋರಮಂಗಲ, ವೈಟ್‌ಫೀಲ್ಡ್‌ಗಳ ಬ್ರೂವರಿಗಳು, ನಡುವೆ ಹೆಸರುವಾಸಿ ಹೋಟೆಲೊಂದರ ಮುಂದೆ ಸಾಲಿನಲ್ಲಿ ನಿಂತು ತಿನ್ನುವ ಒಂದು ಮಸಾಲೆ ದೋಸೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಆ ಪಟ್ಟಿಯಲ್ಲಿ ಇರುವುದಿಲ್ಲ. ಇರಬೇಕು ಎಂಬುದು ನನ್ನ ವಾದ. ಬ್ರೂವರಿಗೆ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಜನ ಏನನ್ನು ಅರಸಿಕೊಂಡು ಬ್ರೂವರಿಗೆ ಹೋಗುತ್ತಾರೋ ಅದೇ ರುಚಿ, ಅದೇ ತಾಜಾತನ ಪಶ್ಚಿಮದ ಬಡಾವಣೆಗಳಲ್ಲಿ ಬೆಳಗಿನ ಹೊತ್ತೇ, ತುಂಬ ಕಡಿಮೆ ದುಡ್ಡಿಗೆ ಸಿಗುತ್ತದೆ ಎನ್ನುತ್ತಿದ್ದೇನೆ.

ಬ್ರೂವರಿಯಲ್ಲಿ ಅಂಥದ್ದೇನಿದೆ? ಬಾಟಲಿ ಬಿಯರ್ ದೂರದ ಕಾರ್ಖಾನೆಯಲ್ಲಿ ತಯಾರಾಗಿ, ತಿಂಗಳುಗಟ್ಟಲೆ ಕೆಡದಂತೆ ಕಾಯಿಸಿ ಮುಚ್ಚಿದ ಸರಕು. ಮೈಕ್ರೊಬ್ರೂವರಿಯದು ಹಾಗಲ್ಲ. ಗಾಜಿನಾಚೆ ಕಾಣುವ ತೊಟ್ಟಿಯಲ್ಲಿ ಹುದುಗಿ, ಅಲ್ಲೇ ಲೋಟಕ್ಕಿಳಿದು, ಅಲ್ಲೇ ಮುಗಿಯಬೇಕು. ಕೈಬದಲಾದರೆ ರುಚಿ ಬದಲಾಗುತ್ತದೆ, ಹವೆ ಬದಲಾದರೂ ಬದಲಾಗುತ್ತದೆ. ಜನ ದುಡ್ಡು ಕೊಡುವುದು ಇದಕ್ಕೆ. 2011ರಲ್ಲಿ ಲ್ಯಾವೆಲ್ ರಸ್ತೆಯಲ್ಲಿ ಬಿಯೆರ್ ಕ್ಲಬ್ ಶುರುವಾಯಿತು, ಇಂದಿರಾನಗರದ ಟಾಯ್ಟ್ ಮನೆಮಾತಾಯಿತು, ಮುಂದೆ ಒಂದರ ಹಿಂದೊಂದು ಬಂದವು. ಅವುಗಳಲ್ಲಿ ಹೆಚ್ಚಿನವು ನಗರದ ಪೂರ್ವ ಭಾಗದಲ್ಲಿ ನೆಲೆ ನಿಂತದ್ದು ಆಕಸ್ಮಿಕವಲ್ಲ. ಬೆಂಗಳೂರಿನ ಬಿಯರ್ ಮೊದಲಿನಿಂದಲೂ ದಂಡಿನ ಕಡೆಯದು. 1915ರಲ್ಲಿ ಥಾಮಸ್ ಲೀಶ್‌ಮನ್ ದಕ್ಷಿಣ ಭಾರತದ ಕೆಲವು ಬ್ರೂವರಿಗಳನ್ನು ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದಾಗ ಅದರ ದೊಡ್ಡ ಗಿರಾಕಿಗಳು ಬ್ರಿಟಿಷ್ ಸೈನಿಕರು. ಆ ಕಂಪನಿಯ ಹಳೆಯ ಬ್ರೂವರಿ ಇದ್ದ ನೆಲದ ಮೇಲೆ ಈಗ ಯುಬಿ ಸಿಟಿಯ ಗೋಪುರಗಳಿವೆ. ಪೇಟೆಯ ಕಡೆ, ಮಿಲ್ಲುಗಳ ಕಡೆ, ಆಮೇಲೆ ಎದ್ದ ಕಾರ್ಖಾನೆಗಳ ಕಡೆ ರಾತ್ರಿಯೆಲ್ಲ ಹುದುಗುತ್ತಿದ್ದದ್ದು ಬೇರೆ.

ಅದನ್ನು ಹತ್ತಿರದಿಂದ ನೋಡಬೇಕು. ಮಧ್ಯಾಹ್ನ ನೆನೆಹಾಕಿದ ಅಕ್ಕಿ, ಉದ್ದಿನಬೇಳೆ ಸಂಜೆಗೆ ಗ್ರೈಂಡರಿಗೆ ಬೀಳುತ್ತವೆ. ಉದ್ದು ಬೆಣ್ಣೆಯ ಹಾಗೆ ಉಬ್ಬುವವರೆಗೆ ತಿರುಗಬೇಕು, ಅಕ್ಕಿ ತರಿತರಿಯಾಗಿಯೇ ಉಳಿಯಬೇಕು. ತಟ್ಟೆ ಇಡ್ಲಿಗಾದರೆ ಜತೆಗೆ ಒಂದಿಷ್ಟು ಅವಲಕ್ಕಿಯನ್ನೋ ಸಬ್ಬಕ್ಕಿಯನ್ನೋ ಸೇರಿಸುತ್ತಾರೆ, ಅದರಿಂದಲೇ ಆ ಮೆತುವು. ಕೈಯಿಂದ ಕಲಸಿ ಮುಚ್ಚಿಟ್ಟ ಹಿಟ್ಟಿನೊಳಗೆ ಇರುಳಿಡೀ ದುಡಿಯುವುದು ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾ. ಬಿಯರಿಗೆ ಯೀಸ್ಟ್ ಕೊಂಡು ತಂದು ಹಾಕಬೇಕು. ಈ ಬ್ಯಾಕ್ಟೀರಿಯಾ ಕಾಳಿನೊಂದಿಗೇ ಬಂದಿರುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಊರಿನ ಡಿಸೆಂಬರ್ ಚಳಿಗೆ ಹಿಟ್ಟು ಸುಲಭಕ್ಕೆ ಹುಳಿ ಬರುವುದಿಲ್ಲ, ಮುಂಚೆಯೇ ರುಬ್ಬಿ ಬೆಚ್ಚಗಿನ ಮೂಲೆಗೆ ತಳ್ಳಬೇಕು. ಏಪ್ರಿಲ್‌ನಲ್ಲಿ ಅದೇ ಹಿಟ್ಟು ನಡುರಾತ್ರಿಗೇ ಉಕ್ಕಿ ಪಾತ್ರೆಯ ಕಂಠ ದಾಟುತ್ತದೆ. ತೊಟ್ಟಿಯ ತಾಪಮಾನವನ್ನು ಯಂತ್ರದಿಂದ ಹದದಲ್ಲಿಡುವ ಬ್ರೂಮಾಸ್ಟರನ ಕೆಲಸವನ್ನು ಇಲ್ಲಿ ಅಡುಗೆಭಟ್ಟರ ಅಂಗೈ ಮಾಡುತ್ತದೆ. ನಸುಕಿನಲ್ಲಿ ಅಂಗೈಯಗಲದ ತಟ್ಟೆಗಳು ಒಂದರ ಮೇಲೊಂದು ಹಬೆಪೆಟ್ಟಿಗೆಗೆ ಇಳಿಯುತ್ತವೆ. ಮೇಲೆತ್ತಿದಾಗ ಹಬೆ ಮಾಸುತ್ತಿದ್ದಂತೆ ಕಾಣುವ ಆ ಬಿಳಿ ಬಿಲ್ಲೆಯ ಮೈತುಂಬ ಸೂಜಿಮೊನೆಯಷ್ಟು ಸಣ್ಣ ರಂಧ್ರಗಳು. ಬಿಯರಿನ ನೊರೆಯೂ ಈ ರಂಧ್ರಗಳೂ ಒಂದೇ ಅನಿಲದ ಕೆಲಸ. ಬೆಣ್ಣೆ ಕರಗಿ ಆ ರಂಧ್ರಗಳೊಳಗೆ ಇಳಿಯುವಾಗ ತಿನ್ನಬೇಕು, ತಡವಾದರೆ ಬೇರೆ ತಿಂಡಿ ಅದು. ಸಣ್ಣ ಹೋಟೆಲಿನಲ್ಲಿ ಹತ್ತೂವರೆಗೆ 'ಹಿಟ್ಟು ಮುಗೀತು ಸಾರ್' ಎಂಬ ಮಾತು ಬಂದರೆ ಬೇಸರಪಡಬಾರದು. ಅಂದಿನದು ಅಂದಿಗೇ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಯಾವ ಬ್ರೂವರಿಯಲ್ಲೂ ಇಲ್ಲ.

ಇಡ್ಲಿ ಎಲ್ಲಿ ಸಿಗುವುದಿಲ್ಲ, ಅದಕ್ಕಾಗಿ ಪಶ್ಚಿಮಕ್ಕೇ ಯಾಕೆ ಹೋಗಬೇಕು ಎಂದು ಕೇಳುವವರಿದ್ದಾರೆ. ಹಳೆಯ ರುಚಿ ಬೇಕಾದರೆ ಬಸವನಗುಡಿ, ಮಲ್ಲೇಶ್ವರ ಇವೆಯಲ್ಲ ಎಂದೂ ಹೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ಎರಡೂ 1898ರ ಪ್ಲೇಗಿನ ಹೊತ್ತಿನಲ್ಲಿ ಪೇಟೆಯ ಜನರಿಗಾಗಿ ರೂಪುಗೊಂಡ ಬಡಾವಣೆಗಳು. ಅವುಗಳ ಹೋಟೆಲುಗಳ ಕೀರ್ತಿ ಬಹುಪಾಲು ಸಸ್ಯಾಹಾರದ್ದು. ರಾಜಾಜಿನಗರ ಹುಟ್ಟಿದ್ದು 1949ರಲ್ಲಿ, ಸ್ವತಂತ್ರ ದೇಶದ ಕೈಗಾರಿಕಾ ಬಡಾವಣೆಯಾಗಿ. ಮೊದಲ ಪಾಳಿಗೆ ಹೋಗುವವರಿಗೆ ನಸುಕಿಗೇ ಹೊಟ್ಟೆ ತುಂಬಬೇಕು, ಎರಡನೆಯ ಪಾಳಿ ಮುಗಿಸಿ ಬಂದವರಿಗೆ ಖಾರದ ಸಾರು ಬೇಕು. ಅದಕ್ಕೇ ಇಲ್ಲಿ ದರ್ಶಿನಿ, ಮಿಲಿಟರಿ ಹೋಟೆಲು, ಹಾಸನ ಸೀಮೆಯ ಹೆಸರು ಹೊತ್ತ ಅಯ್ಯಂಗಾರ್ ಬೇಕರಿ ಒಂದೇ ಬೀದಿಯಲ್ಲಿ ಮಗ್ಗುಲಿಗೆ ಮಗ್ಗುಲಾಗಿ ಬದುಕಿವೆ. ಆ ಬೇಕರಿಯ ಖಾರ ಬನ್ನಿನೊಳಗೂ ಬ್ರೂವರಿಯ ಏಲ್‌ನೊಳಗೂ ಕೆಲಸ ಮಾಡುವ ಯೀಸ್ಟ್ ಒಂದೇ ಜಾತಿಯದು ಎಂಬುದನ್ನು ಬ್ರೂವರಿ ಪ್ರಿಯರು ನೆನಪಿಡಲಿ.

ಇನ್ನೂ ಮುಖ್ಯವಾದದ್ದು ರಸ್ತೆಗಳು. ಮೂರು ಸೀಮೆಗಳು ಬೆಂಗಳೂರನ್ನು ಪ್ರವೇಶಿಸುವುದು ಪಶ್ಚಿಮದ ಬಾಗಿಲುಗಳಿಂದ. ತುಮಕೂರು ರಸ್ತೆ ಯಶವಂತಪುರ ದಾಟಿ ರಾಜಾಜಿನಗರದ ಮಗ್ಗುಲಿಗೆ ಬರುತ್ತದೆ. ಮಾಗಡಿ ರಸ್ತೆ ಬಸವೇಶ್ವರನಗರಕ್ಕೂ ವಿಜಯನಗರಕ್ಕೂ ನಡುವೆ ಹಾಯುತ್ತದೆ. ಮೈಸೂರು ರಸ್ತೆ ಮದ್ದೂರು, ರಾಮನಗರ, ಬಿಡದಿಗಳನ್ನು ಮುಟ್ಟಿ ಕೆಂಗೇರಿಗೆ ಬರುತ್ತದೆ. ಆ ಸೀಮೆಗಳ ಜನ ಕೆಲಸಕ್ಕೆಂದು ಬಂದವರು ತಮ್ಮೂರ ಬಸ್ಸು ನಿಲ್ಲುವ ಕಡೆಯೇ ಮನೆ ಹುಡುಕಿದರು, ಬಾಯಿರುಚಿಯನ್ನೂ ಜತೆಗೇ ತಂದರು. ತುಮಕೂರು, ಬಿಡದಿಗಳ ತಟ್ಟೆ ಇಡ್ಲಿ ಹಾಗೆ ಬಂತು. ಚಳಿ ಬಿದ್ದೊಡನೆ ತಳ್ಳುಗಾಡಿಗಳಲ್ಲಿ ಮಾಗಡಿ ಸೀಮೆಯ ಸೊಗಡಿನ ಅವರೆಕಾಯಿ ರಾಶಿ ಬೀಳುತ್ತದೆ. ಸೊಗಡು ಅಂದರೆ ಬರಿಯ ವಾಸನೆಯಲ್ಲ, ಸಿಪ್ಪೆಯ ಎಣ್ಣೆ ಬೆರಳಿಗೆ ಅಂಟಿ ಸೋಪು ಹಾಕಿ ತೊಳೆದರೂ ಬಿಡುವುದಿಲ್ಲ. ಜನವರಿಯಲ್ಲಿ ಬರುವವರು ಹಿತಕಿದ ಬೇಳೆ ಸಾರು, ಅವರೆಕಾಳು ಉಪ್ಪಿಟ್ಟು ತಿನ್ನದೆ ಹೋದರೆ ನಿಜಕ್ಕೂ ನಷ್ಟ. ಮಂಡ್ಯ ಕಡೆಯಿಂದ ಬನ್ನೂರು ಕುರಿಯ ಮಾಂಸದ ಖ್ಯಾತಿ, ಮುದ್ದೆ, ಬೋಟಿ ಗೊಜ್ಜು, ಕಾಲು ಸೂಪು ಬಂದವು. ಎಲೆದೊನ್ನೆಯಲ್ಲಿ ಕೊಡುವ ಪುದೀನ-ಕೊತ್ತಂಬರಿಯ ಹಸಿರು ಬಿರಿಯಾನಿ ಇವೆಲ್ಲದರ ಜತೆ ಹೊಂದಿಕೊಂಡಿತು. ಒಂದು ರಾಜ್ಯದ ಹಳೆಯ ಮೈಸೂರು ಸೀಮೆಯನ್ನು ಎರಡು ದಿನದಲ್ಲಿ ಉಣ್ಣುವುದಕ್ಕೆ ಇದಕ್ಕಿಂತ ಹತ್ತಿರದ ದಾರಿ ಇಲ್ಲ.

ರಜೆಯ ಲೆಕ್ಕವೂ ಇದನ್ನೇ ಹೇಳುತ್ತದೆ. ಅಕ್ಟೋಬರ್ 2ರ ಆಸುಪಾಸಿನ ದೀರ್ಘ ವಾರಾಂತ್ಯಕ್ಕೆ ಬರುವವರಿಗೆ ಗಾಂಧಿ ಜಯಂತಿಯಂದು ಬ್ರೂವರಿಯಲ್ಲಿ ಬಿಯರ್ ಸಿಗುವುದಿಲ್ಲ, ನಗರದಲ್ಲಿ ಮಾಂಸ ಮಾರಾಟವೂ ಇಲ್ಲ. ಇಡ್ಲಿಗೆ ಆ ತಡೆಯಿಲ್ಲ. ಯುಗಾದಿಗೆ ಬಂದವರು ಹಬ್ಬದ ಮರುದಿನ ಉಳಿಯಲಿ. ಹೊಸತೊಡಕಿನ ನಸುಕಿಗೆ ಮೈಸೂರು ರಸ್ತೆಯ ಮಾಂಸದಂಗಡಿಗಳ ಮುಂದೆ ಫರ್ಲಾಂಗುಗಟ್ಟಲೆ ಸಾಲು, ಕೈಯಲ್ಲಿ ಬ್ಯಾಗು ಹಿಡಿದು ನಿಂತ ಇಡೀ ಬಡಾವಣೆ. ಆ ದಿನದ ಊಟಕ್ಕೆ ಯಾರಾದರೂ ಕರೆದರೆ ಬೇರೆ ಯೋಜನೆಗಳನ್ನೆಲ್ಲ ಬಿಡಬೇಕು.

ನನಗೆ ಕಷ್ಟವೆನಿಸುವ ಆಕ್ಷೇಪ ಬೇರೆ ಇದೆ. ಬ್ರೂವರಿ ಬರಿಯ ಬಿಯರಿನ ಜಾಗವಲ್ಲ. ಗಂಡು ಹೆಣ್ಣು ಒಟ್ಟಿಗೆ, ಅಳುಕಿಲ್ಲದೆ ಸಂಜೆ ಕಳೆಯುವ ಜಾಗ. ಪಶ್ಚಿಮದ ಹಳೆಯ 'ಬಾರ್ ಅಂಡ್ ರೆಸ್ಟೋರೆಂಟ್'ಗಳ ಮಂದ ಬೆಳಕಿನಲ್ಲಿ ಅದು ಸಾಧ್ಯವಿಲ್ಲ, ಅವು ಗಂಡಸರ ಕೋಣೆಗಳು. ಈ ಮಾತನ್ನು ಒಪ್ಪುತ್ತೇನೆ. ಸಂಜೆಯ ಮಟ್ಟಿಗೆ ಪೂರ್ವವೇ ಮುಂದಿದೆ. ಆದರೆ 1983ರಲ್ಲಿ ಜಯನಗರದ ಕೆಫೆ ದರ್ಶಿನಿಯಿಂದ ಹಬ್ಬಿದ ನಿಂತು ತಿನ್ನುವ ಪದ್ಧತಿಯನ್ನು ಬೆಳಗಿನ ಬಸವೇಶ್ವರನಗರದಲ್ಲಿ ನೋಡಿ. ಕಾಲೇಜಿಗೆ ಹೊರಟ ಹುಡುಗಿ, ಪೌರಕಾರ್ಮಿಕ ಮಹಿಳೆ, ವಾಕಿಂಗ್ ಮುಗಿಸಿದ ನಿವೃತ್ತ ಗುಮಾಸ್ತರು ಒಂದೇ ಎತ್ತರದ ಕಟ್ಟೆಗೆ ಮೊಣಕೈ ಊರಿ ಕಾಫಿ ಕುಡಿಯುತ್ತಾರೆ. ಒಂಟಿ ಹೆಂಗಸು ಯಾರ ಕಣ್ಣಿಗೂ ವಿಶೇಷವಾಗಿ ಕಾಣುವುದಿಲ್ಲ. ಬ್ರೂವರಿಯ ಬಾಗಿಲಿಗೆ ಬರಲು ಒಂದು ಮಟ್ಟದ ಸಂಬಳ ಬೇಕು, ಈ ಕಟ್ಟೆಗೆ ಬೇಡ.

ಪೂರ್ವದವರು ಪಶ್ಚಿಮದಿಂದ ಕಲಿಯಬೇಕಾದದ್ದೂ ಇದೆ. 'ಇಲ್ಲಿನದು' ಎಂದು ಕುಡಿಯುವ ಬಿಯರಿನ ಬಾರ್ಲಿ ರಾಜಸ್ಥಾನ, ಉತ್ತರ ಪ್ರದೇಶಗಳಂಥ ದೂರದ ಹೊಲಗಳದ್ದು ಅಥವಾ ಹೊರದೇಶದ್ದು. ಹಾಪ್ಸ್ ಹೂವು ನಮ್ಮ ದೇಶದಲ್ಲಿ ಹಿಮಾಚಲದ ಲಾಹೌಲ್‌ನಂಥ ತಣ್ಣನೆಯ ಕಣಿವೆಯಲ್ಲಿ ಮಾತ್ರ ಅಷ್ಟಿಷ್ಟು ಬೆಳೆಯುತ್ತದೆ. ಮಾಗಡಿ ರಸ್ತೆಯಲ್ಲಿ ಒಂದು ಗಂಟೆ ಹೋದರೆ ಎರಡೂ ಬದಿಗೆ ರಾಗಿ. ದೇಶದಲ್ಲೇ ಹೆಚ್ಚು ರಾಗಿ ಬೆಳೆಯುವ ರಾಜ್ಯ ನಮ್ಮದು. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಬೀಸುವ ನಮ್ಮ ತಾಯಂದಿರ ಕೆಲಸಕ್ಕೂ ಬಾರ್ಲಿ ಮಾಲ್ಟ್ ಮಾಡುವ ಕೆಲಸಕ್ಕೂ ತತ್ವ ಒಂದೇ: ಮೊಳೆಯುವ ಕಾಳು ತನ್ನ ಪಿಷ್ಟವನ್ನು ತಾನೇ ಸಕ್ಕರೆಯಾಗಿ ಒಡೆದುಕೊಳ್ಳುತ್ತದೆ. ಸಿಕ್ಕಿಂ, ಡಾರ್ಜಿಲಿಂಗ್ ಕಡೆಯವರು ಇದೇ ರಾಗಿಯನ್ನು ಹುದುಗಿಸಿ ಬಿಸಿನೀರು ಹೊಯ್ದು ಕೊಳವೆಯಲ್ಲಿ ಹೀರುವ ತೋಂಗ್ಬಾ ತಲೆತಲಾಂತರದಿಂದ ಇದೆ. ಮಾಗಡಿಯ ರಾಗಿ ಬೆಂಗಳೂರಿನ ತೊಟ್ಟಿಗಳಿಗೆ ನಿತ್ಯದ ಧಾನ್ಯವಾಗಿ ಇಳಿದ ದಿನ ಈ ನಗರದ ಬಿಯರ್ ನಿಜಕ್ಕೂ ಈ ನಗರದ್ದಾಗುತ್ತದೆ ಎಂದು ನಂಬಿದ್ದೇನೆ.

ದೂರ ಎಂಬ ನೆಪ ಈಗ ಉಳಿದಿಲ್ಲ. 2023ರ ಅಕ್ಟೋಬರ್‌ನಿಂದ ನೇರಳೆ ಮಾರ್ಗ ವೈಟ್‌ಫೀಲ್ಡಿನಿಂದ ಚಲ್ಲಘಟ್ಟದವರೆಗೆ ಒಂದೇ ಓಟ. ಇಂದಿರಾನಗರ, ಎಂ.ಜಿ. ರಸ್ತೆ, ವಿಜಯನಗರ, ಅತ್ತಿಗುಪ್ಪೆ, ಕೆಂಗೇರಿ ಎಲ್ಲವೂ ಅದರ ಮೇಲಿವೆ. ರಾಜಾಜಿನಗರಕ್ಕೆ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾದರಾಯಿತು. ಕುಡಿದವರು ಗಾಡಿ ಮುಟ್ಟದೆ ಮರಳುವುದಕ್ಕೂ ಇದೇ ದಾರಿ. ಬೆಳಿಗ್ಗೆ ಕೆಂಗೇರಿ, ಮಧ್ಯಾಹ್ನ ವಿಜಯನಗರದ ಮುದ್ದೆ, ಸಂಜೆ ಬೇಕಾದರೆ ಇಂದಿರಾನಗರ. ಇದನ್ನು ಶನಿವಾರವೇ ಇಟ್ಟುಕೊಳ್ಳಿ. ಭಾನುವಾರ ಮೆಟ್ರೊ ತಡವಾಗಿ ಹೊರಡುತ್ತದೆ, ಅಷ್ಟು ಹೊತ್ತಿಗೆ ಕೆಂಗೇರಿಯಲ್ಲಿ ಮೊದಲ ಪಾತ್ರೆಯ ಹಿಟ್ಟು ತಳ ಕಂಡಿರುತ್ತದೆ.