ಕೈಗೆ ತಿಳಿದ ಬೆಲೆ

ನಾಯಂಡಹಳ್ಳಿಯ ಗುಜರಿ ಮಳಿಗೆಗಳಲ್ಲಾಗಲಿ, ಬೆಂಗಳೂರಿನ ವಾರ್ಡುಗಳ ಒಣಕಸ ಸಂಗ್ರಹಣಾ ಕೇಂದ್ರಗಳಲ್ಲಾಗಲಿ ಒಂದು ಗಳಿಗೆ ನಿಂತು ನೋಡಿದವರಿಗೆ, ನಾವು ಕಸವೆಂಬ ಒಂದೇ ಹೆಸರಿಟ್ಟು ಹೊರಗೆ ಹಾಕುವ ವಸ್ತುವು ಅಲ್ಲಿನವರ ದೃಷ್ಟಿಯಲ್ಲಿ ಹತ್ತಾರು ಬಗೆಯಾಗಿ, ಬಗೆಗೊಂದು ದರವಾಗಿ ಒಡೆದುಕೊಳ್ಳುವುದು ಕಾಣಬರುತ್ತದೆ. ರಾಶಿಯ ಮುಂದೆ ಕುಳಿತ ಹೆಂಗಸು ಬಾಟಲಿಯೊಂದನ್ನೆತ್ತಿ, ಮುಚ್ಚಳವನ್ನು ತಿರುಚಿ ಒಂದು ಚೀಲಕ್ಕೂ, ಲೇಬಲನ್ನು ಕಿತ್ತು ಮತ್ತೊಂದಕ್ಕೂ, ಬರಿಮೈಯ ಬಾಟಲಿಯನ್ನು ಮೂರನೆಯದಕ್ಕೂ ಎಸೆಯುವಳು. ಕೈಗೆ ಬಂದ ಚೂರು ಯಾವುದೆಂದು ಸಂಶಯ ಹುಟ್ಟಿದರೆ ಅದನ್ನು ಹಿಸುಕಿ, ಹೊರಟ ಸದ್ದಿನಿಂದಲೇ ನಿರ್ಣಯಿಸುವಳು.

ಇಷ್ಟು ಸೂಕ್ಷ್ಮವೇಕೆಂದರೆ, ಪದಾರ್ಥಗಳ ಸ್ವಭಾವವೇ ಅಂತಹುದು. ನೀರಿನ ಬಾಟಲಿಯ ಪೆಟ್ ಎಂಬ ಪ್ಲಾಸ್ಟಿಕ್ಕು ನೀರಿನ ತೊಟ್ಟಿಯಲ್ಲಿ ಮುಳುಗುತ್ತದೆ. ಮುಚ್ಚಳದ ಪಾಲಿಪ್ರೊಪಿಲೀನು, ಪಾಲಿಥೀನುಗಳು ತೇಲುತ್ತವೆ. ಆದುದರಿಂದ ಇವು ಬೆರೆತರೂ ನೀರೇ ಬೇರ್ಪಡಿಸೀತು. ಆದರೆ ಪಿವಿಸಿಯೆಂಬ ಮತ್ತೊಂದು ಪ್ಲಾಸ್ಟಿಕ್ಕೂ ಪೆಟ್ಟಿನಂತೆಯೇ ಮುಳುಗುವುದರಿಂದ ನೀರಿಗೆ ಆ ಭೇದ ತಿಳಿಯದು. ಪೆಟ್ ಕರಗುವುದಕ್ಕೆ ಸುಮಾರು 250 ಡಿಗ್ರಿ ಸೆಲ್ಸಿಯಸ್ ಉಷ್ಣ ಬೇಕು. ಅಷ್ಟು ಕಾವೇರುವ ಮೊದಲೇ ಪಿವಿಸಿ ಕೆಟ್ಟು, ಆಮ್ಲವನ್ನು ಕಾರಿ, ಒಂದು ಹಿಡಿಯಷ್ಟಿದ್ದರೂ ಇಡೀ ಪಾಕವನ್ನು ಹಳದಿಗಟ್ಟಿಸಿ ಬಲಗುಂದಿಸುತ್ತದೆ. ತಿಳಿಯಾದ ಪೆಟ್ ಪುನಃ ನೂಲಾದೀತು, ಬಾಟಲಿಯೂ ಆದೀತು; ಕೆಟ್ಟ ಪಾಕಕ್ಕೆ ಆ ಯೋಗವಿಲ್ಲ. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದವರು ಬಳಕೆಗೆ ತಂದ ತ್ರಿಕೋನದೊಳಗಣ ಅಂಕಿಗಳಲ್ಲಿ 1 ಪೆಟ್ಟಿನದು, 3 ಪಿವಿಸಿಯದು. ಆದರೆ ಒಡೆದ ಚೂರಿನ ಮೇಲೆ ಅಂಕಿ ಉಳಿದಿರುವುದು ಅಪರೂಪವಾದ್ದರಿಂದ ಕಡೆಗೆ ಆ ಹೆಂಗಸಿನ ಕೈಯೇ ಪ್ರಮಾಣ. ಈ ವಿದ್ಯೆಯನ್ನು ವಿದ್ಯೆಯೆಂದು ನಾವು ಇನ್ನೂ ಗೌರವಿಸದಿರುವುದು ನನಗೆ ವ್ಯಥೆಯ ಸಂಗತಿ.

ಕಾಗದದ ಪಾಡು ಇದಕ್ಕಿಂತ ಸರಳ. ಬಿಳಿಯ ಹಾಳೆ, ವೃತ್ತಪತ್ರಿಕೆ, ರಟ್ಟು ಬೇರೆಬೇರೆಯಾಗಿ ಒಣಗಿದ್ದರೆ ಮೂರಕ್ಕೂ ಮರ್ಯಾದೆಯುಂಟು; ಸಾರು ಸುರಿದುಕೊಂಡ ಪತ್ರಿಕೆಯನ್ನು ಯಾರೂ ತೂಕಕ್ಕೆ ಹಾಕರು. ಹಸಿಕಸಕ್ಕೊಂದು ಬುಟ್ಟಿ, ನೈರ್ಮಲ್ಯದ ಕಸಕ್ಕೊಂದು ಬುಟ್ಟಿ, ಒಣಕಸಕ್ಕೊಂದು ಚೀಲವೆಂದು 2015ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಬೆಂಗಳೂರಿಗೆ ವಿಧಿಸಿದುದರ ಸಾರ್ಥಕ್ಯವು ಇಲ್ಲಿದೆ: ಮನೆಯಲ್ಲಿ ನೆನೆಯದೆ ಉಳಿದ ವಸ್ತುವನ್ನು ಮಾತ್ರವೇ ಕೇಂದ್ರದಲ್ಲಿ ನಯವಾಗಿ ವಿಂಗಡಿಸಲು ಸಾಧ್ಯ.

ಹಾಲಿನ ಕವರನ್ನೇ ನೋಡಿರಿ. ಮೂಲೆಯ ತುಣುಕು ಉದುರದಂತೆ ಕತ್ತರಿಸಿ, ಒಮ್ಮೆ ಜಾಲಿಸಿ, ಅಡಿಗೆಮನೆಯ ಕಿಟಕಿಗೆ ಒಣಗಹಾಕಿದ ಕವರು ಆಯುವವಳ ಕೈಯಲ್ಲಿ ನೇರವಾಗಿ ಒಳ್ಳೆಯ ಮಾಲಿನ ಚೀಲಕ್ಕೆ ಬೀಳುತ್ತದೆ. ಹಾಲು ಹುಳಿತು ನಾರುವ ಕವರನ್ನು ಅವಳು ಬೆರಳತುದಿಯಲ್ಲಿ ಹಿಡಿದು, ಮುಖ ತಿರುವಿ, ಬೆರಕೆಯ ರಾಶಿಗೆ ಬಿಸುಡುತ್ತಾಳೆ.