ಆರು ಗಂಟಿನ ಲೆಕ್ಕ

2012ರ ಜೂನ್ 21ರ ಮಧ್ಯಾಹ್ನ ಮುಂಬಯಿಯಲ್ಲಿರುವ ಮಹಾರಾಷ್ಟ್ರ ಸರ್ಕಾರದ ಸಚಿವಾಲಯ ‘ಮಂತ್ರಾಲಯ’ದ ನಾಲ್ಕನೇ ಮಹಡಿಯಲ್ಲಿ ಹೊತ್ತಿಕೊಂಡ ಬೆಂಕಿ ಮೇಲಿನ ಮಹಡಿಗಳನ್ನೂ ನುಂಗಿತು. ಐವರು ಸತ್ತರು. ಸಾವಿರಾರು ಕಡತಗಳು ಬೂದಿಯಾದವು. ಆದರ್ಶ್ ವಸತಿ ಸೊಸೈಟಿ ಹಗರಣದ ಕಾಗದಗಳ ಗತಿಯೇನು ಎಂದು ಊರೆಲ್ಲ ಕೇಳಿತು. ಅವು ಸಿಬಿಐ ವಶದಲ್ಲಿದ್ದವು, ಉಳಿದುಕೊಂಡವು. ಯಾವುದು ನೂರು ವರ್ಷ ಇರಬೇಕಾದ ಕಾಗದ, ಯಾವುದು ರದ್ದಿ ಎಂಬುದು ಬೆಂಕಿಗೆ ತಿಳಿಯದು, ಕಚೇರಿಗೆ ತಿಳಿದಿರಬೇಕು.

ಅದಕ್ಕೆಂದೇ ಮಹಾರಾಷ್ಟ್ರದ ಸರ್ಕಾರಿ ಕಚೇರಿಗಳಲ್ಲಿ ‘ಸಹಾ ಗಠ್ಠಾ’ ಎಂಬ ಹಳೆಯ ಪದ್ಧತಿಯಿದೆ. ಅಂದರೆ ಆರು ಗಂಟು. ಒಳಬಂದ ಕಾಗದಗಳ ‘ಆವಕ್’ ಪುಸ್ತಕದಲ್ಲಿ ನಂಬರು ಬಿದ್ದಲ್ಲಿಂದ ಕಾಗದದ ಆಯುಸ್ಸು ಶುರು. ಕೆಲಸ ನಡೆಯುತ್ತಿರುವವು ಒಂದು ಗಂಟು, ಉತ್ತರಕ್ಕೆ ಕಾಯುತ್ತಿರುವವು ಇನ್ನೊಂದು. ನಿಯತಕಾಲಿಕ ವರದಿಗಳು ಮೂರನೆಯದು, ಕಾಯಂ ಆದೇಶಗಳು ನಾಲ್ಕನೆಯದು. ದಾಖಲೆ ಕೋಣೆಗೆ ಹೋಗಬೇಕಾದವು ಐದನೆಯದು, ನಾಶವಾಗಬೇಕಾದವು ಆರನೆಯದು. ಮುಗಿದ ಕಡತಕ್ಕೆ ವರ್ಗವೂ ಉಂಟು: ‘ಅ’ ಶಾಶ್ವತ, ‘ಬ’ 30 ವರ್ಷ, ‘ಕ’ ಅದಕ್ಕಿಂತ ಕಡಿಮೆ, ‘ಡ’ ಒಂದೇ ವರ್ಷ.

ಕಷ್ಟವಿರುವುದು ಆರನೇ ಗಂಟಿನಲ್ಲಿ. ಕಾಗದ ಇಟ್ಟುಕೊಂಡವನನ್ನು ಯಾರೂ ಬೈಯುವುದಿಲ್ಲ. ಎಸೆದವನಿಗೆ ಮಾತ್ರ ನೋಟಿಸು. ರಾಜ್ಯದ 2005ರ ಸಾರ್ವಜನಿಕ ದಾಖಲೆಗಳ ಕಾಯ್ದೆಯ ಪ್ರಕಾರ ನಿಯಮ ಮೀರಿ ದಾಖಲೆ ನಾಶಮಾಡಿದರೆ 5 ವರ್ಷದವರೆಗೆ ಸೆರೆ. ಹಾಗಾಗಿ ಗುಮಾಸ್ತ ಸಹಿ ಹಾಕಲು ಹೆದರುತ್ತಾನೆ, ಗಂಟು ಕಪಾಟಿನ ಮೇಲೇರುತ್ತದೆ. ‘ಅ’ ಮತ್ತು ‘ಡ’ ಒಂದೇ ಧೂಳಿನಲ್ಲಿ ಮಲಗುತ್ತವೆ. ಯಾರೋ ಬಂದು ಹಳೆಯ ನಕ್ಷೆ ಕೇಳಿದಾಗ ‘ಸಿಗುತ್ತಿಲ್ಲ’ ಎಂಬ ಉತ್ತರ ಹುಟ್ಟುವುದು ಇಲ್ಲಿಯೇ. ಎಸೆಯಲಾರದ ಕಚೇರಿ ಉಳಿಸಲೂ ಆರದು.

ವಿಂಗಡಿಸಿ ಉಳಿಸಿದ್ದು ಏನಾಗುತ್ತದೆಂದು ನೋಡಬೇಕಾದರೆ ಮುಂಬಯಿಯ ಕಾಲಾ ಘೋಡಾಕ್ಕೆ ಹೋಗಬೇಕು. 1821ರಲ್ಲಿ ಬಾಂಬೆ ಸರ್ಕಾರದ ರೆಕಾರ್ಡ್ ಆಫೀಸಾಗಿ ಆರಂಭವಾದ ರಾಜ್ಯ ಪತ್ರಾಗಾರ ಅಲ್ಲಿ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿದೆ. ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡಗಳು ಬಾಂಬೆ ಪ್ರಾಂತಕ್ಕೆ ಸೇರಿದ್ದ ಕಾಲದ ಚರಿತ್ರೆ ಬರೆಯುವವರು ಇಂದಿಗೂ ಅದರ ಮೆಟ್ಟಿಲು ಹತ್ತಲೇಬೇಕು.

ಖಾಸಗಿಯವರಿಗೂ ವಿನಾಯಿತಿಯಿಲ್ಲ. 2013ರ ಕಂಪನಿ ಕಾಯ್ದೆ ಲೆಕ್ಕದ ಪುಸ್ತಕಗಳನ್ನು 8 ವರ್ಷ ಇಡಿಸುತ್ತದೆ. ಸಭೆಯ ನಡಾವಳಿ ಪುಸ್ತಕವನ್ನಂತೂ ಎಂದಿಗೂ ಎಸೆಯುವಂತಿಲ್ಲ.

ಈ ಲೆಕ್ಕ ನಮ್ಮ ಮುಂಬಯಿ ಕನ್ನಡಿಗರಿಗೂ ಬೇಕು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದು, ಮೈಸೂರು ಅಸೋಸಿಯೇಷನ್ 1926ರದು. ಇಂಥ ಹಳೆಯ ಸಂಸ್ಥೆಗಳಿರುವ ಊರಿನಲ್ಲಿ ಸಣ್ಣ ಸಂಘದ ಠರಾವು ಪುಸ್ತಕವೂ ನಾಳಿನ ಚರಿತ್ರೆ. ಹಾಲ್ ಬಾಡಿಗೆಯ ರಸೀದಿ ಅಲ್ಲ. ದೀಪಾವಳಿಗೆ ಕಪಾಟು ತೆಗೆದಾಗ ಎರಡನ್ನೂ ಬೇರೆ ಮಾಡಿ, ರದ್ದಿವಾಲಾನ ತಕ್ಕಡಿಗೆ ಏನೇನು ಹೋಯಿತೆಂದು ಒಂದು ಪಟ್ಟಿ ಬರೆದು ಕಾರ್ಯದರ್ಶಿ ಸಹಿ ಹಾಕಲಿ. ಎಸೆದದ್ದೆಲ್ಲ ‘ಡ’ ಆದರೂ, ಆ ಪಟ್ಟಿ ಮಾತ್ರ ‘ಅ’.