ಬಂಡೆಯ ದನಿ ಕೇಳಿ ಬೆಳೆಸಿದ ಉದ್ಯಾನ

ಉದ್ಯಾನವೊಂದು ಸೊಗಸಾಗಿ ಕಂಡರೆ ಅದರ ನಕ್ಷೆಯನ್ನು ರಚಿಸಿದವರನ್ನು ನಾವು ಹೊಗಳುತ್ತೇವೆ. ಆದರೆ ನಕ್ಷೆಯೊಂದರಿಂದಲೇ ಗಿಡ ಬೆಳೆಯದು. ನೆಲದ ಗುಣವನ್ನು ಅರಿತವರು, ಬೀಜಗಳನ್ನು ಆರಿಸಿ ಮೊಳೆಯಿಸುವವರು, ವರ್ಷಗಟ್ಟಲೆ ಕಳೆ ಕೀಳುವವರು ಒಂದುಗೂಡಿದಾಗ ಮಾತ್ರ, ಆಯಾ ಪ್ರದೇಶದ ಮಳೆ ಬಿಸಿಲುಗಳನ್ನೇ ನೆಚ್ಚಿ ಬಾಳುವ ಉದ್ಯಾನ ಸಾಧ್ಯವಾಗುತ್ತದೆ. ರಾಜಸ್ಥಾನದ ಜೋಧಪುರದಲ್ಲಿರುವ ರಾವ್ ಜೋಧಾ ಮರುಭೂಮಿ ಶಿಲೋದ್ಯಾನವು ಇದಕ್ಕೆ ಒಳ್ಳೆಯ ನಿದರ್ಶನ.

ಮೆಹ್ರಾನಗಢ ಕೋಟೆಯ ಬುಡದಲ್ಲಿ ಸುಮಾರು 70 ಹೆಕ್ಟೇರುಗಳಷ್ಟು ಹರಡಿರುವ ಈ ನೆಲ ಬಹುಮಟ್ಟಿಗೆ ಬರಿಯ ಬಂಡೆ. ಎಪ್ಪತ್ತು ಕೋಟಿ ವರ್ಷಗಳಿಗೂ ಹಿಂದೆ ಜ್ವಾಲಾಮುಖಿಗಳಿಂದ ಉಂಟಾದ ರಯೋಲೈಟ್ ಎಂಬ ಕಠಿಣ ಶಿಲೆ ಇಲ್ಲಿಯದು. ಮಳೆಯೋ ವರ್ಷಕ್ಕೆ ಸರಾಸರಿ 36 ಸೆಂಟಿಮೀಟರುಗಳಷ್ಟು. ನಾವು ಬಳ್ಳಾರಿ ಜಾಲಿಯೆಂದು ಕರೆಯುವ, ಅಮೆರಿಕ ಖಂಡದಿಂದ ಬಂದ ಮುಳ್ಳುಮರವು ಈ ನೆಲವನ್ನೆಲ್ಲ ಆಕ್ರಮಿಸಿ, ಅಲ್ಲಿಯ ಮೂಲ ಸಸ್ಯಗಳನ್ನು ಮೂಲೆಗೊತ್ತಿತ್ತು. 2006ರಲ್ಲಿ ಮೆಹ್ರಾನಗಢ ವಸ್ತುಸಂಗ್ರಹಾಲಯದ ಟ್ರಸ್ಟ್, ಈ ಭೂಮಿಯನ್ನು ಅದರ ಸಹಜ ಸ್ಥಿತಿಗೆ ಮರಳಿಸುವ ಕಾರ್ಯವನ್ನು ಕೈಗೊಂಡಿತು. ಚಲನಚಿತ್ರ ನಿರ್ದೇಶಕರಾಗಿದ್ದು ಬಳಿಕ ಸಸ್ಯಗಳ ಅಧ್ಯಯನಕ್ಕೆ ತಿರುಗಿದ ಪ್ರದೀಪ್ ಕೃಷೆನ್ ಅದರ ಮುಂದಾಳು.

ತೊಡಕು ಮೊದಲಲ್ಲಿಯೇ ಎದುರಾಯಿತು. ಜಾಲಿಯನ್ನು ನೆಲಮಟ್ಟಕ್ಕೆ ಕಡಿದರೆ ಅದು ಸಾಯುವುದಿಲ್ಲ. ಬೇರು ಕಾಂಡಗಳು ಕೂಡುವೆಡೆಯ ಮೊಗ್ಗುಗಳಿಂದ ಮತ್ತೆ ಚಿಗುರುತ್ತದೆ. ಸುಮಾರು ಒಂದೂವರೆ ಅಡಿ ಆಳದವರೆಗೆ ಬೇರನ್ನು ತೆಗೆಯಲೇಬೇಕು. ಆದರೆ ಬೇರು ಇಳಿದಿರುವುದು ಮಣ್ಣಿನೊಳಗಲ್ಲ, ಬಂಡೆಯ ಬಿರುಕಿನೊಳಗೆ!

ಇದಕ್ಕೆ ಉಪಾಯ ದೊರೆತದ್ದು ಖಂಡ್ವಾಲಿಯಾ ಎಂಬ ಕಲ್ಲುಗಣಿ ಕೆಲಸಗಾರರಿಂದ. ಜೋಧಪುರದ ಮರಳುಗಲ್ಲನ್ನು ತಲೆತಲಾಂತರದಿಂದ ಒಡೆಯುತ್ತ ಬಂದ ಇವರು ಸುತ್ತಿಗೆಯಿಂದ ಬಂಡೆಯನ್ನು ತಟ್ಟಿ, ಅದರ ದನಿಯಿಂದಲೇ ಬಿರುಕು ಎತ್ತ ಹರಿದಿದೆಯೆಂದು ಊಹಿಸಿ, ಅಲ್ಲಿಗೆ ಉಳಿ ಇಡುತ್ತಿದ್ದರು.

ಇದರಲ್ಲಿ ಪವಾಡವೇನೂ ಇಲ್ಲ. ಸಂತೆಯಲ್ಲಿ ಮಡಕೆ ಕೊಳ್ಳುವವರು ಅದನ್ನು ಬೆರಳಗೆಣ್ಣಿನಿಂದ ತಟ್ಟಿ ನೋಡುವುದನ್ನು ವಾಚಕರು ಕಂಡಿರಬಹುದು. ಕಣ್ಣಿಗೆ ಕಾಣದ ಬಿರುಕಿದ್ದರೂ ದನಿ ಒಡಕಾಗುತ್ತದೆ. ಬಂಡೆಯಲ್ಲಿಯೂ ಹಾಗೆಯೇ. ಸುತ್ತಿಗೆಯ ಪೆಟ್ಟು ಶಿಲೆಯೊಳಗೆ ತರಂಗವಾಗಿ ಸೆಕೆಂಡಿಗೆ ಹಲವು ಸಾವಿರ ಮೀಟರುಗಳ ವೇಗದಿಂದ ಸಾಗುತ್ತದೆ. ಗಾಳಿಯಲ್ಲಾದರೋ ಶಬ್ದದ ವೇಗ ಸುಮಾರು 340 ಮೀಟರು ಮಾತ್ರ. ಶಿಲೆ ಅಖಂಡವಾಗಿದ್ದರೆ ಕಂಪನ ಬೇಗನೆ ಅಡಗದು. ಖಣಿಲೆಂಬ ದನಿ ಕೇಳುತ್ತದೆ. ಬಿರುಕಿದ್ದರೆ ತರಂಗವು ಅಲ್ಲಿ ಪ್ರತಿಫಲಿಸಿ ಚದರುತ್ತದೆ. ಬಿರುಕಿನ ಎರಡು ಮೈಗಳು ಪರಸ್ಪರ ಉಜ್ಜುವುದರಿಂದ ಶಕ್ತಿಯ ಒಂದಂಶ ಶಾಖವಾಗಿ ಕಳೆದುಹೋಗುತ್ತದೆ. ಆಗ ಕೇಳುವುದು ಮಂಕು ಸದ್ದು. ನಾವು ತರಗತಿಯಲ್ಲಿ ಸಮೀಕರಣಗಳಿಂದ ವಿವರಿಸುವುದನ್ನು ಆ ಕೆಲಸಗಾರರು ಕಿವಿಯಿಂದ ಕಲಿತಿದ್ದರು.

ಜಾಲಿಯ ಬೇರು ಕಿತ್ತ ಗುಂಡಿಗಳೇ ಹೊಸ ಸಸ್ಯಗಳಿಗೆ ಪಾತಿಗಳಾದುವು. ಇನ್ನುಳಿದವರ ಕೆಲಸ ಇಲ್ಲಿಂದ ಮುಂದಿನದು. ಕಲ್ಲುನೆಲದಲ್ಲಿ ಸಹಜವಾಗಿ ಬೆಳೆಯುವ ಮರುಭೂಮಿಯ ಸಸ್ಯಗಳನ್ನು ಗುರುತಿಸಿ, ಬೀಜ ಸಂಗ್ರಹಿಸಿ, ಸಸಿಮಡಿಯಲ್ಲಿ ಬೆಳೆಸಿ ನೆಡಬೇಕಾಗಿತ್ತು. ಥೋರ್ ಎಂಬ ಕಳ್ಳಿಯನ್ನೇ ನೋಡಿ: ಬರ ಬಂದಾಗ ಎಲೆ ಉದುರಿಸಿ, ಹಸುರು ಕಾಂಡದಿಂದಲೇ ಆಹಾರ ತಯಾರಿಸಿಕೊಳ್ಳುತ್ತದೆ. ಬಂಡೆಯ ಮೇಲೆ ಬಿದ್ದ ಮಳೆನೀರು ಹರಿದು ಬಿರುಕುಗಳಿಗೆ ಇಳಿಯುತ್ತದೆ; ಅಲ್ಲಿ ಬಿಸಿಲು ಗಾಳಿಗಳು ತಾಗದ್ದರಿಂದ ಬೇಗನೆ ಆವಿಯಾಗದು. ಆ ಸ್ವಲ್ಪ ತೇವವೇ ಇಂಥ ಸಸ್ಯಗಳ ಜೀವಾಧಾರ.

2011ರಲ್ಲಿ ಉದ್ಯಾನವು ಸಾರ್ವಜನಿಕರಿಗೆ ತೆರೆಯಿತು. ಹಾಗೆಂದು ಕೆಲಸ ಮುಗಿಯಲಿಲ್ಲ. ಆಡು ದನಗಳು ಜಾಲಿಯ ಕಾಯಿ ತಿಂದು ಬೀಜ ಹರಡುತ್ತವೆ. ಮೊಳಕೆಯಲ್ಲಿಯೇ ಕೀಳದಿದ್ದರೆ ಮತ್ತೆ ಉಳಿ ಹಿಡಿಯಬೇಕಾಗುತ್ತದೆ. ಆದುದರಿಂದ ಕಾಪಾಡುವವರ ಶ್ರಮ ನಿರ್ಮಿಸಿದವರ ಶ್ರಮಕ್ಕಿಂತ ಕಡಮೆಯದಲ್ಲ.

ನಮ್ಮ ನಾಡಿನ ಒಣಪ್ರದೇಶಗಳಲ್ಲಿಯೂ ಇದೇ ಜಾಲಿ ಬೀಳುಭೂಮಿಗಳನ್ನೂ ಕೆರೆಯಂಗಳಗಳನ್ನೂ ಹೊಕ್ಕಿದೆ. ಅಲ್ಲಿ ಯಾವುದೇ ಯೋಜನೆ ಹೂಡುವಾಗ ತಜ್ಞರ ಸಾಲಿನಲ್ಲಿ ಊರಿನ ಕಲ್ಲುಕುಟಿಗನಿಗೂ ದನಗಾಹಿಗೂ ಒಂದು ಸ್ಥಾನವಿರಲಿ. ನೆಲದ ವಿಷಯದಲ್ಲಿ ನಮಗೆ ತಿಳಿಯದುದು ಅವರಿಗೆ ತಿಳಿದಿರಬಹುದು.